ಮನೆಯ ಯಜಮಾನ ಯಾರು? ಆರೋಗ್ಯ ಸಮೀಕ್ಷೆಯಲ್ಲಿ ವರ್ಗ ಅಳೆಯುವ ಪಾಠ



ನಾನು ಇದೇ ಕಾಲೇಜಿನಲ್ಲಿ ಪಿಯುಸಿ ಓದಿದವಳು. ಈಗ ಎಂಬಿಬಿಎಸ್ ಮೂರನೆಯ ವರ್ಷದಲ್ಲಿದ್ದೇನೆ. ಈ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಮೇಡಂ ಕೇಳಿದಾಗ, ನೀಟ್ ಪರೀಕ್ಷೆಗೆ ಹೇಗೆ ತಯಾರಾಗಬೇಕು ಎಂದು ಬರೆಯಲು ಹೊರಟಿದ್ದೆ. ಆದರೆ ಅದನ್ನು ಹೇಳುವವರು ನಿಮಗೆ ಬೇಕಾದಷ್ಟು ಮಂದಿ ಇದ್ದಾರೆ. ಅದಕ್ಕೆ ಬದಲಾಗಿ ನಾನು ತಪ್ಪು ಮಾಡಿ ಕಲಿತ ಒಂದು ಪಾಠವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಸ್ವಲ್ಪ ಲೆಕ್ಕ ಇದೆ. ಹೆದರಬೇಡಿ, ಗುಣಾಕಾರ ಭಾಗಾಕಾರ ಬಂದರೆ ಸಾಕು.

ನಮ್ಮ ಓದಿನಲ್ಲಿ ಸಮುದಾಯ ವೈದ್ಯಶಾಸ್ತ್ರ ಎಂಬ ವಿಷಯವಿದೆ. ಅದಕ್ಕಾಗಿ ಊರಿನ ಮನೆಗಳಿಗೆ ಹೋಗಿ ಕುಟುಂಬ ಸಮೀಕ್ಷೆ ಮಾಡಬೇಕು. ಮನೆಯಲ್ಲಿ ಎಷ್ಟು ಜನ, ಏನು ಓದಿದ್ದಾರೆ, ಏನು ಕೆಲಸ, ಎಷ್ಟು ಆದಾಯ, ಯಾರಿಗೆ ಏನು ಕಾಯಿಲೆ ಎಂದು ಬರೆದುಕೊಂಡು, ಕೊನೆಗೆ ಆ ಕುಟುಂಬ ಯಾವ 'ಸಾಮಾಜಿಕ-ಆರ್ಥಿಕ ವರ್ಗ'ಕ್ಕೆ ಸೇರುತ್ತದೆ ಎಂದು ನಮೂದಿಸಬೇಕು.

ನಾನು ಹೋದ ಒಂದು ಮನೆಯಲ್ಲಿ ಆರು ಜನ ಇದ್ದರು. ಅಜ್ಜಿ, ಸೊಸೆ, ನಾಲ್ಕು ಮಕ್ಕಳು. ಸೊಸೆಯ ಗಂಡ ಗಲ್ಫ್‌ನಲ್ಲಿ ಎಲೆಕ್ಟ್ರಿಷಿಯನ್. ತಿಂಗಳಿಗೆ ಸುಮಾರು 30,000 ರೂಪಾಯಿ ಕಳಿಸುತ್ತಾರೆ ಎಂದರು. ಹಂಚಿನ ಮನೆ, ಒಳಗೆ ನೆಲಕ್ಕೆ ಟೈಲ್ಸ್, ಮೂಲೆಯಲ್ಲಿ ಫ್ರಿಜ್. ನಾನು ಕೇಳುತ್ತಾ ಹೋದೆ, ಅವರು ಉತ್ತರ ಹೇಳುತ್ತಾ ಹೋದರು. ಕುಟುಂಬದ ಯಜಮಾನ: ಗಂಡ. ಶಿಕ್ಷಣ: ಎಸ್ಸೆಸ್ಸೆಲ್ಸಿ. ಉದ್ಯೋಗ: ಎಲೆಕ್ಟ್ರಿಷಿಯನ್. ಹೆಂಡತಿಯ ಉದ್ಯೋಗ ಎಂಬ ಸಾಲಿನಲ್ಲಿ ನಾನು ಕೇಳುವ ಗೋಜಿಗೂ ಹೋಗದೆ 'ಗೃಹಿಣಿ' ಎಂದು ಬರೆದೆ. ನಾನು ಬರೆಯುತ್ತಿದ್ದಾಗ ಅವರ ಮಡಿಲಲ್ಲಿ ಗೆರಸೆ ಇತ್ತು. ಗೆರಸೆಯಲ್ಲಿ ಬೀಡಿ ಎಲೆ, ಹೊಗೆಸೊಪ್ಪು, ನೂಲು ಇತ್ತು. ಮಾತಾಡುತ್ತಲೇ ಅವರು ಬೀಡಿ ಸುತ್ತುತ್ತಿದ್ದರು.

ಅಂದು ಅವರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿದೆವು. 8.4 ಗ್ರಾಂ ಬಂತು. ಗರ್ಭಿಣಿಯಲ್ಲದ ಮಹಿಳೆಯಲ್ಲಿ ಅದು 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. 8ರಿಂದ 10.9ರ ನಡುವೆ ಇದ್ದರೆ ಮಧ್ಯಮ ಪ್ರಮಾಣದ್ದು, 8ಕ್ಕಿಂತ ಕೆಳಗಿಳಿದರೆ ತೀವ್ರ.

ಸಂಜೆ ಕುಳಿತು ಲೆಕ್ಕ ಹಾಕಿದಾಗ ನನ್ನ ಹಾಳೆಯಲ್ಲಿ ಬಂದದ್ದು ಇದು: 'ವರ್ಗ 2, ಮೇಲ್ಮಧ್ಯಮ. ತಾಯಿಗೆ ರಕ್ತಹೀನತೆ.' ನಮ್ಮ ಪ್ರೊಫೆಸರ್ ಅದನ್ನು ಓದಿ ಒಂದೇ ಪ್ರಶ್ನೆ ಕೇಳಿದರು: "ಅವರ ಬೆರಳು ನೋಡಿದೆಯಾ?"

ನೋಡಿದ್ದೆ. ಹೊಗೆಸೊಪ್ಪಿನ ಕಲೆ ಹಿಡಿದ ಬೆರಳಿನಿಂದಲೇ ನಾವು ರಕ್ತ ತೆಗೆದಿದ್ದೆವು. ಆದರೆ ಬರೆದಿರಲಿಲ್ಲ.

ವರ್ಗವನ್ನು ಏಕೆ ಅಳೆಯಬೇಕು?

ಮೊದಲಿಗೆ ನಿಮ್ಮಲ್ಲೂ ಏಳಬಹುದಾದ ಪ್ರಶ್ನೆ. ಡಾಕ್ಟರಿಗೆ ರೋಗ ಮುಖ್ಯ, ಮನೆಯ ವರಮಾನ ಕೇಳುವುದೇಕೆ?

ಕೇಳದಿದ್ದರೆ ಕೆಲವು ಸತ್ಯಗಳು ಕಾಣುವುದೇ ಇಲ್ಲ. 1842ರಲ್ಲಿ ಇಂಗ್ಲೆಂಡಿನ ಎಡ್ವಿನ್ ಚಾಡ್ವಿಕ್ ದುಡಿಯುವ ಜನರ ವಾಸಸ್ಥಳಗಳ ನೈರ್ಮಲ್ಯದ ಬಗ್ಗೆ ಒಂದು ವರದಿ ಕೊಟ್ಟರು. ಸತ್ತವರ ಸರಾಸರಿ ವಯಸ್ಸನ್ನು ಅವರು ವರ್ಗವಾರು ಹಾಕಿದ್ದರು. ಕೈಗಾರಿಕಾ ನಗರ ಮ್ಯಾಂಚೆಸ್ಟರಿನಲ್ಲಿ ಸ್ಥಿತಿವಂತರದ್ದು 38, ವ್ಯಾಪಾರಿಗಳದ್ದು 20, ಕೂಲಿಕಾರರದ್ದು 17. ಹಳ್ಳಿಗಾಡಾದ ರಟ್ಲಂಡಿನಲ್ಲಿ ಇದೇ ಅಂಕಿಗಳು 52, 41, 38. ಸತ್ತವರಲ್ಲಿ ಎಳೆಯ ಮಕ್ಕಳು ಬಹಳ ಇದ್ದುದರಿಂದ ಸರಾಸರಿ ಇಷ್ಟು ಕೆಳಗಿದೆ. ಎಲ್ಲ ಕೂಲಿಕಾರರೂ 17ಕ್ಕೇ ಸತ್ತರು ಎಂದು ಅರ್ಥವಲ್ಲ. ಆದರೂ ಎರಡು ಸಂಗತಿ ಸ್ಪಷ್ಟ. ಒಂದೇ ಊರಿನಲ್ಲಿ ವರ್ಗ ಇಳಿದಂತೆ ಆಯುಷ್ಯವೂ ಇಳಿಯಿತು. ಮತ್ತು ಮ್ಯಾಂಚೆಸ್ಟರಿನ ಸಾಹುಕಾರನ ಅಂಕಿ ರಟ್ಲಂಡಿನ ಕೂಲಿಯವನ ಅಂಕಿಗೆ ಸಮವಾಗಿತ್ತು, ಅಂದರೆ ದುಡ್ಡಿನ ಜೊತೆ ವಾಸದ ಜಾಗವೂ ಲೆಕ್ಕಕ್ಕೆ ಬರುತ್ತದೆ.

ಅದು ಹಳೆಯ ಕಾಲ ಎನ್ನಬೇಡಿ. 1967ರಲ್ಲಿ ಲಂಡನ್ನಿನ ಸುಮಾರು 18,000 ಸರ್ಕಾರಿ ನೌಕರರ ಮೇಲೆ 'ವೈಟ್‌ಹಾಲ್ ಅಧ್ಯಯನ' ಆರಂಭವಾಯಿತು. ಎಲ್ಲರೂ ಕಚೇರಿಯಲ್ಲಿ ಕೆಲಸ ಮಾಡುವವರು, ಎಲ್ಲರಿಗೂ ಸಂಬಳವಿದೆ, ದೇಶದಲ್ಲಿ ಚಿಕಿತ್ಸೆ ಉಚಿತ. ಆದರೂ ಮೇಲಿನ ಅಧಿಕಾರಿಗಳಿಗೆ ಹೋಲಿಸಿದರೆ ಅತಿ ಕೆಳಗಿನ ದರ್ಜೆಯ ನೌಕರರಲ್ಲಿ ಹೃದಯಾಘಾತದ ಸಾವು ಮೂರು ಪಟ್ಟಿನಷ್ಟಿತ್ತು. ಧೂಮಪಾನ, ರಕ್ತದೊತ್ತಡ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂತರದ ಹೆಚ್ಚಿನ ಭಾಗ ಹಾಗೆಯೇ ಉಳಿಯಿತು. ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ತೋರಿಸಿದ ಮುಖ್ಯ ವಿಷಯವೆಂದರೆ, ಇದು ಬಡವ ಮತ್ತು ಶ್ರೀಮಂತ ಎಂಬ ಎರಡು ತುದಿಗಳ ಕಥೆ ಮಾತ್ರವಲ್ಲ. ಏಣಿಯ ಪ್ರತಿ ಮೆಟ್ಟಿಲಿನಲ್ಲೂ ವ್ಯತ್ಯಾಸವಿದೆ.

ನಮ್ಮ ದೇಶದ ಅಂಕಿಯನ್ನೇ ನೋಡಿ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು ಅತಿ ಬಡ ಐದನೇ ಒಂದು ಭಾಗದ ಮನೆಗಳಲ್ಲಿ ಶೇ. 46, ಅತಿ ಸ್ಥಿತಿವಂತ ಐದನೇ ಒಂದು ಭಾಗದಲ್ಲಿ ಶೇ. 23. ವರ್ಗವನ್ನು ಅಳೆಯದಿದ್ದರೆ ಈ ಎರಡೂ ಸೇರಿ ಒಂದು ಸರಾಸರಿಯಾಗಿ ಮುಗಿದುಹೋಗುತ್ತಿತ್ತು. ಎಲ್ಲಿಗೆ ಮೊದಲು ಹೋಗಬೇಕು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಆದ್ದರಿಂದ ಅಳೆಯಲೇಬೇಕು. ಪ್ರಶ್ನೆ ಇರುವುದು ಅಳತೆಗೋಲಿನ ಬಗ್ಗೆ.

ಮೂರು ಅಳತೆಗೋಲುಗಳು

ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಮೂರನ್ನು ಪರಿಚಯಿಸುತ್ತೇನೆ.

ಮೊದಲನೆಯದು ಬಿ.ಜಿ. ಪ್ರಸಾದ್ ಮಾಪಕ, 1961ರದ್ದು. ಇದು ಕೇಳುವುದು ಒಂದೇ ವಿಷಯ, ತಲಾ ಮಾಸಿಕ ಆದಾಯ. ಮನೆಯ ಒಟ್ಟು ಆದಾಯವನ್ನು ಜನರ ಸಂಖ್ಯೆಯಿಂದ ಭಾಗಿಸಿದರಾಯಿತು. ಮೂಲ ಪಟ್ಟಿಯಲ್ಲಿ 100 ರೂಪಾಯಿ ಮತ್ತು ಮೇಲೆ ವರ್ಗ 1, 50ರಿಂದ 99 ವರ್ಗ 2, 30ರಿಂದ 49 ವರ್ಗ 3, 15ರಿಂದ 29 ವರ್ಗ 4, ಅದಕ್ಕೂ ಕೆಳಗೆ ವರ್ಗ 5. ಇಂದು ಈ ಪಟ್ಟಿಯನ್ನು ಹಾಗೆಯೇ ಬಳಸಿದರೆ ನಮ್ಮ ಊರಿನಲ್ಲಿ ಬಡವರೇ ಸಿಗುವುದಿಲ್ಲ!

ಅದಕ್ಕಾಗಿ ಸಂಖ್ಯಾಶಾಸ್ತ್ರದ ಪಾಠದಲ್ಲಿ ನೀವು ಓದುವ ಗ್ರಾಹಕ ಬೆಲೆ ಸೂಚ್ಯಂಕ ಬೇಕಾಗುತ್ತದೆ. ಕೈಗಾರಿಕಾ ಕಾರ್ಮಿಕರ ಸೂಚ್ಯಂಕದ ಆಧಾರ ವರ್ಷ 1960 ಇದ್ದದ್ದು 1982 ಆಯಿತು, ಆಮೇಲೆ 2001, ಈಗ 2016. ಒಂದರಿಂದ ಇನ್ನೊಂದಕ್ಕೆ ದಾಟಲು ಜೋಡಣಾ ಗುಣಕಗಳಿವೆ: 4.93, 4.63, 2.88. ಈ ತಿಂಗಳ ಸೂಚ್ಯಂಕ 130 ಎಂದು ಇಟ್ಟುಕೊಳ್ಳೋಣ. ಆಗ 1.30 × 2.88 × 4.63 × 4.93 ಅಂದರೆ ಸುಮಾರು 85.46. ಹಳೆಯ ಪಟ್ಟಿಯ ಪ್ರತಿ ಅಂಕಿಯನ್ನೂ ಇದರಿಂದ ಗುಣಿಸಿ. 100 ರೂಪಾಯಿ 8,546 ಆಗುತ್ತದೆ, 50 ರೂಪಾಯಿ 4,273, 30 ರೂಪಾಯಿ 2,564, 15 ರೂಪಾಯಿ 1,282. ಸೂಚ್ಯಂಕದ ಅಧ್ಯಾಯ ಓದಿ ಏನು ಪ್ರಯೋಜನ ಎಂದು ನಾನು ಪಿಯುಸಿಯಲ್ಲಿ ಗೆಳತಿಯರನ್ನು ಕೇಳುತ್ತಿದ್ದೆ. ಉತ್ತರ ಇಲ್ಲಿ ಸಿಕ್ಕಿತು.

ಎರಡನೆಯದು ಕುಪ್ಪುಸ್ವಾಮಿ ಮಾಪಕ, 1976ರದ್ದು, ನಗರದ ಕುಟುಂಬಗಳಿಗಾಗಿ ಮಾಡಿದ್ದು. ಇದರಲ್ಲಿ ಮೂರು ಅಂಶಗಳಿವೆ: ಕುಟುಂಬದ ಯಜಮಾನನ ಶಿಕ್ಷಣಕ್ಕೆ 1ರಿಂದ 7 ಅಂಕ, ಯಜಮಾನನ ಉದ್ಯೋಗಕ್ಕೆ 1ರಿಂದ 10, ಕುಟುಂಬದ ಮಾಸಿಕ ಆದಾಯಕ್ಕೆ 1ರಿಂದ 12. ಒಟ್ಟು 26ರಿಂದ 29 ಬಂದರೆ ಮೇಲ್ವರ್ಗ, 16ರಿಂದ 25 ಮೇಲ್ಮಧ್ಯಮ, 11ರಿಂದ 15 ಕೆಳಮಧ್ಯಮ, 5ರಿಂದ 10 ಮೇಲು-ಕೆಳವರ್ಗ, 5ಕ್ಕಿಂತ ಕಡಿಮೆ ಕೆಳವರ್ಗ. ಆದಾಯದ ಪಟ್ಟಿಯನ್ನು ಇಲ್ಲಿಯೂ ಸೂಚ್ಯಂಕದಂತೆ ತಿದ್ದುತ್ತಿರಬೇಕು.

ಮೂರನೆಯದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಸಂಪತ್ತಿನ ಸೂಚ್ಯಂಕ. ಇದು ಆದಾಯ ಕೇಳುವುದೇ ಇಲ್ಲ. ಆದಾಯವನ್ನು ಸರಿಯಾಗಿ ಹೇಳುವವರು ಕಡಿಮೆ. ಮುಚ್ಚಿಡಲು ಮಾತ್ರವಲ್ಲ, ದಿನಗೂಲಿಯವರಿಗೆ ತಮ್ಮ ತಿಂಗಳ ಆದಾಯ ಎಷ್ಟೆಂದು ಒಂದೇ ಅಂಕಿಯಲ್ಲಿ ಹೇಳಲು ಬರುವುದೂ ಇಲ್ಲ. ಅದಕ್ಕಾಗಿ ಮನೆಯಲ್ಲಿ ಏನಿದೆ ಎಂದು ನೋಡುತ್ತಾರೆ: ನೆಲ ಯಾವುದರದ್ದು, ನೀರು ಎಲ್ಲಿಂದ, ಶೌಚಾಲಯ ಇದೆಯೇ, ಅಡುಗೆಗೆ ಗ್ಯಾಸೋ ಕಟ್ಟಿಗೆಯೋ, ಫ್ರಿಜ್, ಟಿವಿ, ಬೈಕ್ ಇವೆಯೇ. ಪ್ರತಿಯೊಂದಕ್ಕೂ ಎಷ್ಟು ತೂಕ ಕೊಡಬೇಕು ಎಂಬುದನ್ನು ಒಂದು ಗಣಿತದ ವಿಧಾನದಿಂದ ಕಂಡುಕೊಂಡು, ಜನರನ್ನು ಐದು ಸಮಭಾಗ ಮಾಡುತ್ತಾರೆ. ಫಿಲ್ಮರ್ ಮತ್ತು ಪ್ರಿಚೆಟ್ ಎಂಬ ಅರ್ಥಶಾಸ್ತ್ರಜ್ಞರು 2001ರಲ್ಲಿ ಈ ವಿಧಾನವನ್ನು ಪ್ರಸಿದ್ಧಿಗೆ ತಂದ ಪ್ರಬಂಧ ಬರೆದದ್ದು ಭಾರತದ ರಾಜ್ಯಗಳ ಅಂಕಿಅಂಶಗಳನ್ನೇ ಇಟ್ಟುಕೊಂಡು, ಮಕ್ಕಳ ಶಾಲಾ ದಾಖಲಾತಿಯ ಬಗ್ಗೆ.

ಈಗ ಅದೇ ಮನೆಗೆ ಮರಳೋಣ

ಪ್ರೊಫೆಸರ್ ಪ್ರಶ್ನೆ ಕೇಳಿದ ಮರುವಾರ ನಾನು ಮತ್ತೆ ಆ ಮನೆಗೆ ಹೋದೆ. ಈ ಸಲ ಫಾರ್ಮನ್ನು ಚೀಲದಲ್ಲೇ ಇಟ್ಟು ಮೊದಲು ಮಾತಾಡಿದೆ. ಅವರು ದಿನಕ್ಕೆ ಎಷ್ಟು ಬೀಡಿ ಕಟ್ಟುತ್ತೀರಿ ಎಂದು ಕೇಳಿದಾಗ ನಕ್ಕರು. "ಮಕ್ಕಳು ಶಾಲೆಗೆ ಹೋದ ಮೇಲೆ ಕೂರುತ್ತೇನೆ, ರಾತ್ರಿ ಮಲಗುವವರೆಗೂ ಅದೇ. ಅದೇನು ದೊಡ್ಡ ಕೆಲಸವಾ?" ಬೀಡಿಯಿಂದ ತಿಂಗಳಿಗೆ ಸುಮಾರು 4,000 ಬರುತ್ತದೆ. ಗಂಡ ಕಳಿಸುವ 30,000ದಲ್ಲಿ 12,000 ವೀಸಾಕ್ಕೆಂದು ಮಾಡಿದ ಸಾಲದ ಕಂತಿಗೆ ಹೋಗುತ್ತದೆ. ಫ್ರಿಜ್ ಮದುವೆಯಾದ ಹೊಸತರಲ್ಲಿ ಬಂದದ್ದು. ತೆರೆದು ತೋರಿಸಿದರು. ಒಳಗೆ ನೀರಿನ ಬಾಟಲಿ, ಎರಡು ನಿಂಬೆಹಣ್ಣು, ಅಜ್ಜಿಯ ಇನ್ಸುಲಿನ್ ಇತ್ತು.

ಪ್ರಸಾದ್ ಮಾಪಕದಲ್ಲಿ ನಾನು ಮೊದಲು ಬರೆದದ್ದು 30,000 ÷ 6 = 5,000, ವರ್ಗ 2. ಬೀಡಿಯ ಹಣ ಸೇರಿಸಿದರೆ 34,000 ÷ 6 = 5,667, ಈಗಲೂ ವರ್ಗ 2. ಸಾಲದ ಕಂತು ಕಳೆದರೆ 22,000 ÷ 6 = 3,667, ವರ್ಗ 3. ಮಾಪಕದ ನಿಯಮದಂತೆ ಕಂತನ್ನು ಕಳೆಯುವಂತಿಲ್ಲ. ಆದರೆ ಅಕ್ಕಿ, ಮೀನು, ಸೊಪ್ಪು ಕೊಳ್ಳಲು ಕೈಯಲ್ಲಿ ಉಳಿಯುವುದು ಕಳೆದ ಮೇಲಿನ ಹಣ ಮಾತ್ರ.

ಕುಪ್ಪುಸ್ವಾಮಿ ಮಾಪಕದಲ್ಲಿ ಗಂಡನನ್ನು ಯಜಮಾನ ಎಂದು ಹಿಡಿದರೆ ಹೈಸ್ಕೂಲ್ ಶಿಕ್ಷಣಕ್ಕೆ 4, ಕುಶಲ ಕೆಲಸಕ್ಕೆ 4, ತಿದ್ದಿದ ಪಟ್ಟಿಯಲ್ಲಿ ಆದಾಯಕ್ಕೆ 3, ಒಟ್ಟು 11. ಕೆಳಮಧ್ಯಮ ವರ್ಗ. ಆದರೆ ಆತ ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವರು. ಮನೆ ನಡೆಸುವುದು, ಸಾಲದವರಿಗೆ ಉತ್ತರ ಕೊಡುವುದು, ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಹೋಗಬೇಕೇ ಬೇಡವೇ ಎಂದು ತೀರ್ಮಾನಿಸುವುದು ಎಲ್ಲವೂ ಹೆಂಡತಿ. ಅವರನ್ನೇ ಯಜಮಾನಿ ಎಂದು ಹಿಡಿದರೆ ಪ್ರಾಥಮಿಕ ಶಿಕ್ಷಣಕ್ಕೆ 2, ಬೀಡಿ ಕೆಲಸಕ್ಕೆ 2 ಅಥವಾ 3, ಆದಾಯಕ್ಕೆ ಅದೇ 3. ಒಟ್ಟು 7 ಅಥವಾ 8. ಕುಟುಂಬ ಒಂದು ಮೆಟ್ಟಿಲು ಕೆಳಗಿಳಿಯಿತು.

ಸಂಪತ್ತಿನ ಸೂಚ್ಯಂಕಕ್ಕೆ ಟೈಲ್ಸ್ ಮತ್ತು ಫ್ರಿಜ್ ಕಾಣುತ್ತದೆ, ಸಾಲ ಕಾಣುವುದಿಲ್ಲ. ಒಳ್ಳೆಯ ವರ್ಷದಲ್ಲಿ ಕೊಂಡ ವಸ್ತು ಕೆಟ್ಟ ವರ್ಷದಲ್ಲೂ ಮನೆಯಲ್ಲೇ ಇರುತ್ತದೆ.

ಅದೇ ಮನೆ, ಅದೇ ಆರು ಜನ, ಅದೇ ಊಟ. ಉತ್ತರ ಮಾತ್ರ ಬೇರೆ ಬೇರೆ. ಮತ್ತು ಈ ಮೂರೂ ಮಾಪಕಗಳು ಇಡೀ ಮನೆಗೆ ಒಂದೇ ವರ್ಗ ಕೊಡುತ್ತವೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರಿಗೂ ಮೊದಲು ಉಣ್ಣುವವರಿಗೂ ಒಂದೇ. ಮೀನಿನ ಸಾರಿನಲ್ಲಿ ತುಂಡು ಯಾರ ತಟ್ಟೆಗೆ ಹೋಯಿತು ಎಂದು ಯಾವ ಮಾಪಕವೂ ಕೇಳುವುದಿಲ್ಲ.

ತಪ್ಪು ವರ್ಗ ಬರೆದರೆ ಏನಾಗುತ್ತದೆ?

ಒಂದು ಮನೆ ಹೆಚ್ಚು ಕಡಿಮೆಯಾದರೆ ಏನಂತೆ ಎಂದು ನಾನೂ ಅಂದುಕೊಂಡಿದ್ದೆ. ಈ ಕಾಲ್ಪನಿಕ ಲೆಕ್ಕ ನೋಡಿ. ಒಂದು ಊರಿನಲ್ಲಿ 200 ಮಹಿಳೆಯರಿದ್ದಾರೆ. 100 ಬಡವರು, ಅವರಲ್ಲಿ 60 ಮಂದಿಗೆ ರಕ್ತಹೀನತೆ. 100 ಅನುಕೂಲಸ್ಥರು, ಅವರಲ್ಲಿ 30 ಮಂದಿಗೆ. ಅಂತರ 30.

ಸಮೀಕ್ಷೆ ಮಾಡಿದವರು ಅಜಾಗರೂಕತೆಯಿಂದ 20 ಬಡ ಮಹಿಳೆಯರನ್ನು ಅನುಕೂಲಸ್ಥರ ಪಟ್ಟಿಗೆ, 20 ಅನುಕೂಲಸ್ಥರನ್ನು ಬಡವರ ಪಟ್ಟಿಗೆ ಹಾಕಿದರು ಎಂದುಕೊಳ್ಳಿ. ಈಗ 'ಬಡವರ' ಪಟ್ಟಿಯಲ್ಲಿ 80 ನಿಜವಾದ ಬಡವರಿಂದ 48, ತಪ್ಪಾಗಿ ಬಂದ 20 ಜನರಿಂದ 6, ಒಟ್ಟು 54 ಮಂದಿಗೆ ರಕ್ತಹೀನತೆ. 'ಅನುಕೂಲಸ್ಥರ' ಪಟ್ಟಿಯಲ್ಲಿ 24 ಮತ್ತು 12 ಸೇರಿ 36. ಅಂತರ 30 ಇದ್ದದ್ದು 18ಕ್ಕೆ ಇಳಿಯಿತು.

ಯಾರ ರಕ್ತದಲ್ಲೂ ಏನೂ ಬದಲಾಗಿಲ್ಲ. ಬದಲಾದದ್ದು ನಮ್ಮ ಪೆನ್ನಿನ ಗುರುತು ಮಾತ್ರ. ಅಡ್ಡಾದಿಡ್ಡಿಯಾಗಿ ಆಗುವ ಇಂತಹ ತಪ್ಪುಗಳು ಸಾಮಾನ್ಯವಾಗಿ ಅಂತರವನ್ನು ಕುಗ್ಗಿಸಿ ತೋರಿಸುತ್ತವೆ. ಆಮೇಲೆ ಯಾರೋ ಆ ಕೋಷ್ಟಕ ಓದಿ "ಇಲ್ಲಿ ಬಡತನ ಅಷ್ಟು ದೊಡ್ಡ ಕಾರಣವಲ್ಲ" ಎಂದು ಬರೆಯುತ್ತಾರೆ. ಕಬ್ಬಿಣದ ಮಾತ್ರೆಯೂ ಆಹಾರ ಕಾರ್ಯಕ್ರಮವೂ ಬೇರೆ ಊರಿಗೆ ಹೋಗಬಹುದು. 'ವರ್ಗ 2, ತಾಯಿಗೆ ರಕ್ತಹೀನತೆ' ಎಂಬ ನನ್ನ ಆ ಸಾಲು ಅಂತಹ ಕೋಷ್ಟಕಕ್ಕೆ ಸೇರುವ ಹಾದಿಯಲ್ಲಿತ್ತು. ಜೊತೆಗೆ 'ಗೃಹಿಣಿ' ಎಂದು ಬರೆದದ್ದರಿಂದ ದಿನವಿಡೀ ಕೂತು ದುಡಿಯುವ ಬೆನ್ನುನೋವು, ಹೊಗೆಸೊಪ್ಪಿನ ಧೂಳಿನ ಕೆಮ್ಮು ಇವುಗಳ ಬಗ್ಗೆ ಕೇಳುವ ದಾರಿಯೇ ಮುಚ್ಚಿಹೋಗಿತ್ತು. ಎರಡನೆಯ ಭೇಟಿಯಲ್ಲಿ ಕೇಳಿದೆ. ಎರಡೂ ಇದ್ದವು.

ಇದು ನನ್ನೊಬ್ಬಳ ತಪ್ಪೇನೂ ಅಲ್ಲ, ಅಳತೆಗೋಲಿನ ಹುಟ್ಟಿನಲ್ಲೇ ಇದೆ. ಆರೋಗ್ಯದ ಅಂಕಿಅಂಶಕ್ಕಾಗಿ ಉದ್ಯೋಗದ ಮೇಲೆ ವರ್ಗ ಮಾಡುವ ಅಧಿಕೃತ ಪದ್ಧತಿಯನ್ನು ಬ್ರಿಟನ್ನಿನಲ್ಲಿ ಟಿ.ಎಚ್.ಸಿ. ಸ್ಟೀವನ್ಸನ್ 1911ರ ಅಂಕಿಗಳಿಗೆ ರೂಪಿಸಿದರು. ಶಿಶುಮರಣವನ್ನು ತಂದೆಯ ಉದ್ಯೋಗದಂತೆ ವಿಂಗಡಿಸಿ ನೋಡಿದ್ದು ಬಹಳ ದೊಡ್ಡ ಹೆಜ್ಜೆ. ಆದರೆ ವಿವಾಹಿತ ಮಹಿಳೆಯರನ್ನು ಗಂಡನ ಉದ್ಯೋಗದ ಮೇಲೆ ವಿಂಗಡಿಸುವ ರೂಢಿ ಅಲ್ಲಿ ದಶಕಗಳ ಕಾಲ ಉಳಿಯಿತು. ಮೊದಲ ವೈಟ್‌ಹಾಲ್ ಅಧ್ಯಯನದಲ್ಲಿ ಇದ್ದವರೆಲ್ಲ ಗಂಡಸರು. 1985ರಲ್ಲಿ ಆರಂಭವಾದ ಎರಡನೆಯ ಅಧ್ಯಯನದಲ್ಲಿ ಮಾತ್ರ ಮಹಿಳೆಯರೂ ಸೇರಿದರು, ಸುಮಾರು ಮೂರನೇ ಒಂದು ಭಾಗ.

ನೀವು ಸಮೀಕ್ಷೆಗೆ ಹೋದಾಗ

ಎನ್ನೆಸ್ಸೆಸ್ ಶಿಬಿರದಲ್ಲೋ ಪ್ರಾಜೆಕ್ಟ್ ಕೆಲಸಕ್ಕೋ ನೀವೂ ಮನೆ ಮನೆಗೆ ಹೋಗುತ್ತೀರಿ. ನಾನು ಕಲಿತದ್ದನ್ನು ಐದು ಮಾತಿನಲ್ಲಿ ಹೇಳುತ್ತೇನೆ.

1. ಯಾವ ಮಾಪಕ, ಯಾವ ತಿಂಗಳ ಸೂಚ್ಯಂಕ ಎಂದು ವರದಿಯಲ್ಲಿ ಬರೆಯಿರಿ. ಹಳೆಯ ಪಟ್ಟಿ ಬಳಸಬೇಡಿ.

2. "ನೀವು ಕೆಲಸ ಮಾಡುತ್ತೀರಾ?" ಎಂದು ಮಹಿಳೆಯರನ್ನು ಕೇಳಬೇಡಿ, "ಇಲ್ಲ" ಎಂಬ ಉತ್ತರ ಬರುತ್ತದೆ. "ಬೆಳಿಗ್ಗೆಯಿಂದ ಏನೇನು ಮಾಡುತ್ತೀರಿ, ಯಾವುದರಿಂದ ದುಡ್ಡು ಬರುತ್ತದೆ?" ಎಂದು ಕೇಳಿ.

3. ಯಜಮಾನ ಯಾರು ಎಂದು ನೀವೇ ಊಹಿಸಬೇಡಿ. ಊರಲ್ಲಿಲ್ಲದವರನ್ನು ಯಜಮಾನ ಎಂದು ಬರೆದರೆ ಅದನ್ನೂ ನಮೂದಿಸಿ, ಮನೆ ನಡೆಸುವವರ ಶಿಕ್ಷಣ ಮತ್ತು ಉದ್ಯೋಗವನ್ನು ಪಕ್ಕದಲ್ಲೇ ಬರೆಯಿರಿ.

4. ಸಾಲ ಇದೆಯೇ ಎಂದು ಮೆಲ್ಲಗೆ ಕೇಳಿ. ಹೇಳಲು ಇಷ್ಟವಿಲ್ಲದಿದ್ದರೆ ಒತ್ತಾಯಿಸಬೇಡಿ. ಕೇಳಿದ್ದನ್ನು ಹೊರಗೆ ಆಡಬೇಡಿ, ಅದು ಅವರು ನಿಮ್ಮಲ್ಲಿ ಇಟ್ಟ ಅಮಾನತ್ತು.

5. ಮಾಪಕ ಕೊಟ್ಟ ವರ್ಗವನ್ನು ನಿಮ್ಮ ಇಷ್ಟದಂತೆ ತಿದ್ದಬೇಡಿ. ಎಲ್ಲರೂ ತಮಗೆ ತೋಚಿದಂತೆ ತಿದ್ದಿದರೆ ಒಂದು ಊರನ್ನು ಇನ್ನೊಂದರ ಜೊತೆ ಹೋಲಿಸಲು ಆಗುವುದಿಲ್ಲ. ಮಾಪಕಕ್ಕೆ ಕಾಣದ್ದನ್ನು ಕೆಳಗೆ ಷರಾ ಎಂದು ಬರೆಯಿರಿ.

ನನ್ನ ಹಾಳೆಯಲ್ಲೂ ಹಾಗೆಯೇ ಮಾಡಿದೆ. ವರ್ಗ 2 ಎಂಬುದು ನಿಯಮದಂತೆ ಉಳಿಯಿತು. 'ಗೃಹಿಣಿ' ಎಂಬುದನ್ನು ಹೊಡೆದು 'ಬೀಡಿ ಕಾರ್ಮಿಕರು' ಎಂದು ಬರೆದೆ. ಷರಾದಲ್ಲಿ ಸಾಲದ ಕಂತು, ಊರಲ್ಲಿಲ್ಲದ ಯಜಮಾನ, ಬೆನ್ನುನೋವು, ಕೆಮ್ಮು ಎಲ್ಲವನ್ನೂ ಸೇರಿಸಿದೆ. ಅವರನ್ನು ಕಬ್ಬಿಣದ ಮಾತ್ರೆಗೂ ಹೆಚ್ಚಿನ ತಪಾಸಣೆಗೂ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕಳಿಸಿದೆವು. ಮೂರು ತಿಂಗಳ ನಂತರ ನೋಡಿದಾಗ ಹಿಮೋಗ್ಲೋಬಿನ್ 10.1 ಇತ್ತು. ಇನ್ನೂ 12 ಆಗಿಲ್ಲ. ಮತ್ತೆ ಹೋಗಬೇಕು.

ಕೊನೆಗೆ ಒಂದು ಮನೆಪಾಠ. ಈ ಲೇಖನದ ಅಂಕಿಗಳನ್ನು ಇಟ್ಟುಕೊಂಡು ನಿಮ್ಮ ಸ್ವಂತ ಮನೆಯ ವರ್ಗವನ್ನು ಪ್ರಸಾದ್ ಮಾಪಕದಲ್ಲಿ ಲೆಕ್ಕ ಹಾಕಿ. ಯಾರಿಗೂ ತೋರಿಸಬೇಕಿಲ್ಲ. ಆಮೇಲೆ ನಿಮ್ಮ ತಾಯಿಯ ಬಳಿ ಕುಳಿತು ಅವರು ಒಂದು ದಿನದಲ್ಲಿ ಮಾಡುವ ಕೆಲಸಗಳನ್ನೆಲ್ಲ ಬರೆದುಕೊಳ್ಳಿ. ಅವುಗಳಲ್ಲಿ ಎಷ್ಟು ಆ ಲೆಕ್ಕದೊಳಗೆ ಬಂದಿವೆ ಎಂದು ಗುರುತು ಹಾಕಿ. ನಾನು ನನ್ನ ಮನೆಯದ್ದನ್ನು ಹಾಕಿ ನೋಡಿದ್ದೇನೆ. ಉಮ್ಮನ ಪಟ್ಟಿ ಒಂದೂವರೆ ಪುಟ ಆಯಿತು. ಗುರುತು ಬಿದ್ದದ್ದು ಒಂದಕ್ಕೂ ಇಲ್ಲ.